ಹಿಮ್ಮಡಿಯ ಐದು ಹನಿ: ಒಂದು ನವಜಾತ ಸ್ಕ್ರೀನಿಂಗ್ ಪ್ಯಾಕೇಜಿನ ವಿಮರ್ಶೆ

ಬೆಂಗಳೂರಿನ ಖಾಸಗಿ ಹೆರಿಗೆ ಆಸ್ಪತ್ರೆಗಳಲ್ಲಿ ಬಾಣಂತಿ ಮನೆಗೆ ಹೊರಡುವ ಹೊತ್ತಿಗೆ ಕೈಗೆ ಬರುವ ಚೀಟಿ ಇದು: ‘ಐವತ್ತಕ್ಕೂ ಹೆಚ್ಚು ಆನುವಂಶಿಕ ಕಾಯಿಲೆ, ಒಂದೇ ಟೆಸ್ಟ್’. ಹುಟ್ಟಿದ ಮಗುವಿನ ಹಿಮ್ಮಡಿಯ ರಕ್ತವನ್ನು ಕಾರ್ಡಿನ ಮೇಲೆ ಒಣಗಿಸಿ ಪರೀಕ್ಷಿಸುವ ಅಂಥದ್ದೊಂದು ಲ್ಯಾಬಿನ ಪ್ಯಾಕೇಜು ಇಲ್ಲಿದೆ. ಹೆಸರು ಬೇಡ.

ಕಿಟ್ ಚೆನ್ನಾಗಿದೆ. ದಪ್ಪ ಫಿಲ್ಟರ್ ಪೇಪರಿನ ಕಾರ್ಡು, ಅದರ ಮೇಲೆ ಐದು ವೃತ್ತ, 2 ಮಿ.ಮೀ.ಗಿಂತ ಆಳಕ್ಕೆ ಇಳಿಯದ ಲ್ಯಾನ್ಸೆಟ್ (ಚುಚ್ಚುವ ಮೊನೆ). ಕೆಲಸ ಕೆಡುವುದು ಕೈಯಲ್ಲಿ. ಹಿಮ್ಮಡಿಯನ್ನು ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ, ಪಕ್ಕದ ಭಾಗಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ, ಆಮೇಲಿನ ದೊಡ್ಡ ಹನಿ ಕಾರ್ಡಿನ ಹಿಂಬದಿಗೂ ಇಳಿಯುವಂತೆ ಒಂದೇ ಬದಿಯಿಂದ ತಾಗಿಸಬೇಕು. ಹಿಂಡಿದರೆ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ. ಹನಿಯ ಮೇಲೆ ಹನಿ ಹಾಕಿದರೆ ಅಳತೆ ಏರುತ್ತದೆ. ಬಿಸಿಲು ತಾಗದ ಕಡೆ ಅಡ್ಡವಾಗಿಟ್ಟು ಕನಿಷ್ಠ 3 ಗಂಟೆ ಒಣಗಬೇಕು. ಹಸಿ ಕಾರ್ಡನ್ನು ಕವರಿಗೆ ತುರುಕಿ, ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಬ್ಬಿಯೊಳಗೆ ಅರ್ಧ ದಿನ ಸುತ್ತಿಸಿದರೆ ಗ್ಯಾಲಕ್ಟೋಸೀಮಿಯ (ಹಾಲಿನ ಸಕ್ಕರೆಯ ಗ್ಯಾಲಕ್ಟೋಸನ್ನು ದೇಹ ಬಳಸಲಾಗದ ಕಾಯಿಲೆ) ಪತ್ತೆಗೆ ಅಳೆಯುವ ಕಿಣ್ವ, ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಕಿಣ್ವ ಎರಡೂ ಸತ್ತುಹೋಗಿ ಆರೋಗ್ಯವಂತ ಮಗುವೂ ‘ಪಾಸಿಟಿವ್’ ಆಗುತ್ತದೆ.

ದೊಡ್ಡ ದೂರು ಫಾರ್ಮಿನ ಮೇಲೆ. ಅದರಲ್ಲಿ ಹುಟ್ಟಿದ ತಾರೀಖು ಮಾತ್ರ ಇದೆ, ಗಂಟೆಯ ಕಾಲಂ ಇಲ್ಲ. 24 ಗಂಟೆಯೊಳಗೆ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು) ಸಹಜವಾಗಿಯೇ ಏರಿರುತ್ತದೆ, ಫಿನೈಲ್‌ಅಲನಿನ್ (ಪಿಕೆಯು ಎಂಬ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚುವ ಪ್ರೋಟೀನಿನ ಅಂಶ) ಇನ್ನೂ ಏರಿರುವುದಿಲ್ಲ. ಒಂದರಲ್ಲಿ ಸುಳ್ಳು ಗಾಬರಿ, ಇನ್ನೊಂದರಲ್ಲಿ ಸುಳ್ಳು ಸಮಾಧಾನ. 48ರಿಂದ 72 ಗಂಟೆಯೊಳಗೆ ತೆಗೆದ ರಕ್ತ ಬೇಕು. ದಿನ ತುಂಬದೆ ಹುಟ್ಟಿದ ಮಗುವೇ, ರಕ್ತ ಕೊಟ್ಟಿದ್ದಾರೆಯೇ ಎಂಬುದನ್ನೂ ಬರೆಯಬೇಕು. ಬೇರೆಯವರ ರಕ್ತ ಹರಿದಿದ್ದರೆ ಜಿ6ಪಿಡಿ ಫಲಿತಾಂಶಕ್ಕೆ ಅರ್ಥವಿಲ್ಲ.

ರಿಪೋರ್ಟಿನ ಕೆಂಪಕ್ಷರದ ‘ಪಾಸಿಟಿವ್’ ರೋಗನಿರ್ಣಯವಲ್ಲ. ಲೆಕ್ಕ ಹಾಕಿ: ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಸಾವಿರಕ್ಕೊಂದು ಮಗುವಿಗೆ ಎಂದಿಟ್ಟುಕೊಳ್ಳಿ. ಲಕ್ಷ ಮಕ್ಕಳಲ್ಲಿ ನೂರು. ಟೆಸ್ಟು 99 ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಇನ್ನೂರಕ್ಕೊಬ್ಬರನ್ನು ತಪ್ಪಾಗಿ ಎತ್ತುತ್ತದೆ ಎಂದರೆ ಸುಳ್ಳು ಕರೆ ಸುಮಾರು 500. ಆರು ಫೋನಿಗೆ ಒಂದು ನಿಜ. ಲಕ್ಷಕ್ಕೊಂದು ಬರುವ ಕಾಯಿಲೆಗೆ ಇದೇ ಟೆಸ್ಟ್ ಇಟ್ಟರೆ ಐನೂರಕ್ಕೆ ಒಂದು! ‘ಐವತ್ತು’ ಎಂಬ ಸಂಖ್ಯೆಗೆ ಮರುಳಾಗುವ ಮೊದಲು, ಅನುಮಾನ ಬಂದ ಕಾರ್ಡನ್ನು ಲ್ಯಾಬ್ ತಾನೇ ಮರುಪರೀಕ್ಷೆ ಮಾಡುತ್ತದೆಯೇ ಎಂದು ಕೇಳಿ. ಈ ಪ್ಯಾಕೇಜಿನಲ್ಲಿ ಅದಕ್ಕೆ ಬೇರೆ ಬಿಲ್ಲು.

ರಿಪೋರ್ಟಿಗೆ ಐದು ‘ಕೆಲಸದ ದಿನ’ವಂತೆ. ಮೇಪಲ್ ಸಿರಪ್ ಕಾಯಿಲೆಯ (ಪ್ರೋಟೀನಿನ ಕೆಲವು ಅಂಶಗಳನ್ನು ದೇಹ ಒಡೆಯಲಾಗದ ಕಾಯಿಲೆ) ಮಗು ಮೊದಲ ವಾರದಲ್ಲೇ ಹಾಲು ಬಿಟ್ಟು ಮಂಕಾಗಬಹುದು. ಕಾಯಿಲೆ ಭಾನುವಾರ ನೋಡುವುದಿಲ್ಲ.

ದುಡ್ಡು ಬಿಗಿಯಿದ್ದರೆ ಥೈರಾಯ್ಡ್, ಸಿಎಎಚ್ (ಅಡ್ರಿನಲ್ ಗ್ರಂಥಿಯ ಹುಟ್ಟು ದೋಷ), ಜಿ6ಪಿಡಿ, ಗ್ಯಾಲಕ್ಟೋಸೀಮಿಯ, ಬಯೋಟಿನಿಡೇಸ್ (ಬಯೋಟಿನ್ ವಿಟಮಿನ್ ಮರುಬಳಕೆಗೆ ಬೇಕಾದ ಕಿಣ್ವ) ಇರುವ ಚಿಕ್ಕ ಪ್ಯಾಕೇಜು ಸಾಕು. ಸೋದರಮಾವನ ಜೊತೆ ಮದುವೆಯಾಗಿದ್ದು, ಹಿಂದಿನ ಮಗು ಕಾರಣ ತಿಳಿಯದೆ ತೀರಿಕೊಂಡಿದ್ದರೆ ದೊಡ್ಡದೂ ಸಾಲದು. ನೇರ ಜೆನೆಟಿಕ್ಸ್ ಕ್ಲಿನಿಕ್ಕಿಗೆ ಹೋಗಬೇಕು. ಡೌನ್ ಸಿಂಡ್ರೋಮ್ ಇದರಲ್ಲಿ ಕಾಣುವುದಿಲ್ಲ, ಅಪ್ಪ ಅಮ್ಮ ಥಲಸ್ಸೀಮಿಯ ವಾಹಕರೇ ಎಂಬುದೂ ಇಲ್ಲ.

ಟಿಎಸ್‌ಎಚ್ ಹೆಚ್ಚು ಎಂದು ಫೋನ್ ಬಂದರೆ ಅವತ್ತೇ ರಕ್ತನಾಳದಿಂದ ರಕ್ತ ತೆಗೆಸಿ ಟಿಎಸ್‌ಎಚ್, ಫ್ರೀ ಟಿ4 (ಥೈರಾಯ್ಡ್ ಸುರಿಸುವ ಹಾರ್ಮೋನು) ಎರಡನ್ನೂ ನೋಡಿಸಿ. ಖಚಿತವಾದರೆ ಮಕ್ಕಳ ವೈದ್ಯರು ಹುಟ್ಟಿದ ಎರಡು ವಾರದೊಳಗೆ ಥೈರಾಕ್ಸಿನ್ ಶುರು ಮಾಡುತ್ತಾರೆ: ದಿನಕ್ಕೆ ಕಿಲೋಗೆ 10–15 ಮೈಕ್ರೋಗ್ರಾಂ, ಮಾತ್ರೆ ಪುಡಿಮಾಡಿ ಎದೆಹಾಲಲ್ಲಿ ಕಲಸಿ ಚಮಚದಲ್ಲಿ. ಬಾಟಲಿ ತುಂಬ ಹಾಲಿಗೆ ಬೆರೆಸಬೇಡಿ, ಅರ್ಧ ಔಷಧಿ ತಳದಲ್ಲೇ ಉಳಿಯುತ್ತದೆ.