ಹಳೇ ಡೀಸೆಲ್ ಪಿಕಪ್‌ಗೆ ‘ಪವರ್ ಸೆಟ್ಟಿಂಗ್’ ಮಾಡಿಸುವ ಮುಂಚೆ ಇದನ್ನು ಓದಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳೇ ಪಿಕಪ್ ಇಟ್ಟುಕೊಂಡು ಲೋಡ್ ಹೊಡೆಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ಟೊಮೆಟೊ ಸೀಸನ್ ಹತ್ತಿರ ಬಂದಾಗ ಕೆಲವು ಗ್ಯಾರೇಜ್‌ಗಳಲ್ಲಿ ಒಂದು ಪ್ಯಾಕೇಜ್ ಮಾರುತ್ತಾರೆ. ಪಂಪ್ ಏರಿಸುವುದು (ಇಂಜಿನ್‌ಗೆ ಹೋಗುವ ಡೀಸೆಲ್ ಜಾಸ್ತಿ ಮಾಡುವುದು), ಟರ್ಬೊ ಬೂಸ್ಟ್ (ಇಂಜಿನ್‌ಗೆ ಗಾಳಿ ತಳ್ಳುವ ಫ್ಯಾನ್‌ನ ಒತ್ತಡ) ಜಾಸ್ತಿ ಮಾಡುವುದು, ಓಪನ್ ಏರ್ ಫಿಲ್ಟರ್ ಹಾಕುವುದು, ನೀರಿನ ಬಿಸಿ ಕಾಯುವ ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು. ಎಲ್ಲ ಸೇರಿ ‘ಪವರ್ ಸೆಟ್ಟಿಂಗ್’. ನಮ್ಮ ಗಾಡಿಯ ಇಂಜಿನ್ ಹೋಗಿದ್ದು ಇದರಿಂದಲೇ. ಗ್ಯಾರೇಜ್ ಹೆಸರು ಬರೆಯುವುದಿಲ್ಲ. ಇದೇ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ, ಹಾಗಾಗಿ ಹೆಸರಿಗಿಂತ ಆ ಕೆಲಸ ಏನು ಅಂತ ಗೊತ್ತಾಗುವುದು ಮುಖ್ಯ.

ನಮ್ಮದು ಬೊಲೆರೊ ಪಿಕಪ್. 2523 ಸಿಸಿ ಡಿಐ ಟರ್ಬೊ, ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದ ಡೀಸೆಲ್ ಸಿಸ್ಟಮ್) ಬರುವ ಮುಂಚಿನದು, ಮೆಕ್ಯಾನಿಕಲ್ ಪಂಪ್. ತಮ್ಮ ಓಡಿಸುತ್ತಾನೆ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಕೋಲಾರ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ, ವಾಪಸ್ ಬರುವಾಗ ಸಿಕ್ಕಿದ ಲೋಡ್. ಕಾಲ ಕಾಲಕ್ಕೆ ಆಯಿಲ್, ಫಿಲ್ಟರ್ ಬದಲಾಯಿಸಿಕೊಂಡು ಬಂದಿರುವ ಗಾಡಿ. ಏರು ಬಂದರೆ ಮಾತ್ರ ಎಳೆಯುವುದು ಕಮ್ಮಿಯಾಗಿತ್ತು, ಹೊಗೆಯೂ ಇತ್ತು. ಇಂಜಿನ್ ಒಳಗೆ ಡೀಸೆಲ್ ಸ್ಪ್ರೇ ಮಾಡುವ ನಾಜಲ್ ಚೆಕ್ ಮಾಡಿ, ಹೊಗೆ ಯಾಕೆ ಅಂತ ನೋಡಿ ಎಂದು ಗಾಡಿ ಬಿಟ್ಟು ಬಂದೆವು. ಕೇಳಿದ್ದು ಇಷ್ಟೇ.

ಸಾಯಂಕಾಲ ಗ್ಯಾರೇಜ್‌ನಿಂದ ತಮ್ಮನಿಗೆ ಫೋನ್ ಬಂತು. ‘ಅಣ್ಣಾ, ನಾಜಲ್ ಎಲ್ಲ ಚೆನ್ನಾಗೈತೆ. ಪಂಪಲ್ಲಿ ಡೀಸೆಲ್ ಕಮ್ಮಿ ಬರ್ತಾ ಐತೆ. ಒಂಚೂರು ಏರ್ಸಿದೀನಿ, ಗಾಡಿ ಹಾರ್ತದೆ ನೋಡು.’ ನಾಜಲ್ ಬಿಚ್ಚಿಯೇ ಇರಲಿಲ್ಲ ಅಂತ ಆಮೇಲೆ ಇಂಜಿನ್ ಇಳಿಸಿದಾಗ ಗೊತ್ತಾಯಿತು. ಅದರ ನಟ್‌ಗಳ ಮೇಲೆ ಹಳೇ ಜಿಡ್ಡು ಹಾಗೇ ಕೂತಿತ್ತು. ಪಂಪ್‌ನ ಫುಲ್ ಲೋಡ್ ಸ್ಕ್ರೂ (ಜಾಸ್ತಿ ಅಂದರೆ ಎಷ್ಟು ಡೀಸೆಲ್ ಹೋಗಬೇಕು ಅಂತ ಸೆಟ್ ಮಾಡುವುದು) ಮೇಲಿದ್ದ ಸೀಲ್ ಮಾತ್ರ ಕಿತ್ತಿದ್ದರು.

ಮೊದಮೊದಲು ಗಾಡಿ ನಿಜವಾಗಿಯೂ ಹಾರಿತು. ಮೋಸ ಇರುವುದೇ ಇಲ್ಲಿ. ಡೀಸೆಲ್ ಜಾಸ್ತಿ ಹೋದರೆ ಎಂಥ ಸುಸ್ತಾದ ಇಂಜಿನ್ ಆದರೂ ಸ್ವಲ್ಪ ದಿನ ಜೋರಾಗಿಯೇ ಎಳೆಯುತ್ತದೆ. ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂದರೆ ‘ಪವರ್ ಬಂದೈತೆ’ ಅಂತಾರೆ. ಕಪ್ಪು ಹೊಗೆ ಅಂದರೆ ಪೂರ್ತಿ ಸುಡದ ಡೀಸೆಲ್, ಅಷ್ಟೇ. ನಾವು ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್.

ಹಳೇ ಇಂಜಿನ್ ಎಳೆಯದಿದ್ದರೆ ಪಂಪ್ ಕಮ್ಮಿ ಕೊಡುತ್ತಿದೆ ಅಂತಲೇ ಅಲ್ಲ. ಹೆಚ್ಚಾಗಿ ಗಾಳಿ ಸಾಲದೆ ಹೋಗಿರುತ್ತದೆ, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಅದುಮುವ ಒತ್ತಡ) ಬಿದ್ದಿರುತ್ತದೆ, ಇಲ್ಲವೇ ನಾಜಲ್ ಸರಿಯಾಗಿ ಸ್ಪ್ರೇ ಮಾಡದೆ ಸುರಿಯುತ್ತಿರುತ್ತದೆ. ಅಂಥ ಇಂಜಿನ್‌ಗೆ ಇನ್ನಷ್ಟು ಡೀಸೆಲ್ ಕೊಡುವುದು ಉಸಿರು ಕಟ್ಟಿದವನ ಬಾಯಿಗೆ ಇನ್ನೊಂದು ಮುದ್ದೆ ತುರುಕಿದ ಹಾಗೆ. ಪೆಟ್ರೋಲ್ ಇಂಜಿನ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಪೆಟ್ರೋಲ್ ಕಮ್ಮಿಯಾದರೆ ಇಂಜಿನ್ ಬಿಸಿಯಾಗುತ್ತದೆ. ಡೀಸೆಲ್‌ನಲ್ಲಿ ಉಲ್ಟಾ, ಜಾಸ್ತಿ ಸುರಿದಷ್ಟೂ ಬಿಸಿ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಿಸ್ಟನ್ ಮಾಡುವ ಮಿಶ್ರಲೋಹ ಅದಕ್ಕೂ ಮುಂಚೆಯೇ ಸೋಲುತ್ತದೆ. ಲೋಡ್ ಹಾಕಿಕೊಂಡು ಘಾಟ್ ಹತ್ತುವಾಗ ಇಂಜಿನ್‌ನಿಂದ ಆಚೆ ಬರುವ ಹೊಗೆಯ ಬಿಸಿ ಸುಮಾರು ಅಷ್ಟೇ ಇರುತ್ತದೆ. ಪಿಸ್ಟನ್ ಉಳಿಯುವುದು ಆಯಿಲ್ ಮತ್ತು ನೀರು ಆ ಬಿಸಿಯನ್ನು ಎಳೆದುಕೊಳ್ಳುವುದರಿಂದ. ಡ್ಯಾಶ್‌ಬೋರ್ಡ್ ಮುಳ್ಳು ತೋರಿಸುವುದು ನೀರಿನ ಬಿಸಿ ಮಾತ್ರ. ಪಿಸ್ಟನ್ ತಲೆಯ ಬಿಸಿ ಯಾವ ಮೀಟರ್‌ನಲ್ಲೂ ಕಾಣುವುದಿಲ್ಲ.

ಇನ್ನು ಓಪನ್ ಫಿಲ್ಟರ್. ಕಂಪನಿಯ ಫಿಲ್ಟರ್ ಡಬ್ಬ ಕಿತ್ತು, ಬಾನೆಟ್ ಒಳಗೆ ಬರೀ ಕೋನ್ ಥರದ್ದು ಒಂದು ಸಿಕ್ಕಿಸಿದ್ದರು. ನೋಡೋಕೆ ಚೆಂದ, ಸೌಂಡ್ ಕೂಡ ಬರುತ್ತದೆ. ನಮ್ಮ ಗಾಡಿ ಲೋಡ್ ಎತ್ತುವುದು ತೋಟಗಳಿಂದ. ಮಣ್ಣಿನ ದಾರಿ, ದಾರಿಯಲ್ಲಿ ಕ್ರಷರ್, ಜಲ್ಲಿ ಲಾರಿಗಳ ಧೂಳು. ಧೂಳು ಅಂದರೆ ಸಣ್ಣ ಮರಳು. ಅದು ಒಳಗೆ ಹೋದರೆ ಪಿಸ್ಟನ್ ಓಡಾಡುವ ಲೈನರ್ ಮತ್ತು ಪಿಸ್ಟನ್ ಸುತ್ತ ಇರುವ ರಿಂಗ್ ಎರಡನ್ನೂ ಉಜ್ಜಿ ಹಾಕುತ್ತದೆ. ಟರ್ಬೊ ಫ್ಯಾನ್ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತದೆ. ಆ ವೇಗದಲ್ಲಿ ಮರಳು ತಗುಲಿದರೆ ರೆಕ್ಕೆಗಳ ಅಂಚು ಸವೆಯುವುದಕ್ಕೆ ವರ್ಷ ಬೇಕಾಗಿಲ್ಲ. ನಮ್ಮದನ್ನು ಬಿಚ್ಚಿದಾಗ ಪೈಪ್ ಒಳಗೆ ಬೆರಳಾಡಿಸಿದರೆ ಕೆಂಪು ಧೂಳು ಬರುತ್ತಿತ್ತು, ಅದೂ ಫಿಲ್ಟರ್ ದಾಟಿದ ಮೇಲಿನ ಪೈಪ್‌ನಲ್ಲಿ!

ಥರ್ಮೋಸ್ಟಾಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಒಳ್ಳೇ ಮೆಕ್ಯಾನಿಕ್‌ಗಳೂ ಇದನ್ನು ಕಿತ್ತು ಹಾಕುತ್ತಾರೆ. ‘ನೀರು ಆರಾಮಾಗಿ ಓಡಾಡ್ತದೆ, ಗಾಡಿ ತಣ್ಣಗಿರ್ತದೆ’ ಅನ್ನುವ ನಂಬಿಕೆ. ತುಂಬಾ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ. ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುತ್ತದೆ, ಜೊತೆಗೆ ಬೈಪಾಸ್ ದಾರಿ ಮುಚ್ಚುತ್ತದೆ. ಕಿತ್ತು ಹಾಕಿದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಮುಳ್ಳು ಕೆಳಗೇ ಇರುತ್ತದೆ. ಲೋಡ್‌ನಲ್ಲಿ ಏರು ಹತ್ತುವಾಗ ಗೊತ್ತಾಗುತ್ತದೆ.

ಇದರ ಮೇಲೆ ರೇಡಿಯೇಟರ್‌ಗೆ ಬರೀ ಬೋರ್ ನೀರು ತುಂಬಿದ್ದರು. ನಮ್ಮ ಜಿಲ್ಲೆಯ ಬೋರ್ ನೀರು ಹೇಗಿದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಾವಿರ ಅಡಿ ದಾಟಿ ಕೊರೆದು ತೆಗೆದ ಗಡಸು ನೀರು. ಸೌಟು, ಪಾತ್ರೆ, ಗೀಸರ್ ಎಲ್ಲದರ ಮೇಲೂ ಬಿಳಿ ಪದರ ಕೂರುತ್ತದೆ. ಇಂಜಿನ್ ಮೇಲ್ಭಾಗದ ಹೆಡ್ ಒಳಗಿನ ನೀರಿನ ದಾರಿಯಲ್ಲೂ ಅದೇ ಕೂರುತ್ತದೆ. ಆ ಪದರ ಬಿಸಿಯನ್ನು ನೀರಿಗೆ ಬಿಟ್ಟುಕೊಡುವುದಿಲ್ಲ. ಮೊದಲಿದ್ದ ಕೂಲೆಂಟ್ ಚೆಲ್ಲಿ ಈ ನೀರು ಹಾಕಿದ್ದು ಯಾಕೆ ಅಂತ ಕೇಳಿದರೆ, ‘ಕೂಲೆಂಟ್ ಸುಮ್ನೆ ದಂಡ’ ಅಂದರು.

ಚೆನ್ನೈಯಿಂದ ಟೈಲ್ಸ್ ಲೋಡ್ ಹಾಕಿಕೊಂಡು ವಾಪಸ್ ಬರುತ್ತಿದ್ದಾಗ, ಚಿತ್ತೂರು ದಾಟಿ ಮೊಗಿಲಿ ಘಾಟ್‌ನಲ್ಲಿ ಗಾಡಿ ನಿಂತಿತು. ಮುಳ್ಳು ಮೊದಲು ಏರಿತ್ತಂತೆ, ಆಮೇಲೆ ತಾನಾಗೇ ಇಳಿಯಿತಂತೆ. ಇದನ್ನು ಗಾಡಿ ಓಡಿಸುವ ಎಲ್ಲರೂ ತಿಳಿದಿರಬೇಕು. ನೀರು ಪೂರ್ತಿ ಆಚೆ ಹೋದಾಗ ಸೆನ್ಸರ್‌ಗೆ ನೀರು ತಗುಲುವುದಿಲ್ಲ, ಬರೀ ಆವಿ ತಗುಲುತ್ತದೆ. ಆಗ ಮುಳ್ಳು ಸುಳ್ಳು ಹೇಳುತ್ತದೆ. ಏರಿದ ಮುಳ್ಳು ಏರಿನಲ್ಲೇ ಧಡಕ್ಕನೆ ಇಳಿದರೆ ಗಾಡಿ ತಣ್ಣಗಾಯಿತು ಅಂತ ತಿಳಿಯಬೇಡಿ. ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ತಣ್ಣೀರು ಸುರಿಯಲೂ ಬೇಡಿ. ಹೆಡ್ ಸೀಳುತ್ತದೆ.

ಟೋ ಮಾಡಿಸಿ ಕೋಲಾರಕ್ಕೆ ತಂದು, ಬೇರೆ ಮೇಸ್ತ್ರಿ ಹತ್ತಿರ ಬಿಚ್ಚಿಸಿದೆವು. ಮೂರನೇ ಪಿಸ್ಟನ್‌ನ ತಲೆ ಅಂಚು ಕರಗಿತ್ತು. ಎರಡು ಮತ್ತು ಮೂರರ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಸುಟ್ಟಿತ್ತು. ಹೆಡ್ ಬೆಂಡ್ ಆಗಿತ್ತು. ಲೈನರ್‌ಗಳಲ್ಲಿ ಉದ್ದುದ್ದ ಗೀರು. ನಾಜಲ್‌ಗಳನ್ನು ಟೆಸ್ಟರ್‌ಗೆ ಹಾಕಿದರೆ ಎರಡು ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದವು. ಗಾಡಿ ಎಳೆಯದಿದ್ದಕ್ಕೆ, ಹೊಗೆ ಬಂದಿದ್ದಕ್ಕೆ ಮೊದಲಿನ ಕಾರಣ ಅದೇ ಇರಬೇಕು ಅಂದರು ಮೇಸ್ತ್ರಿ. ನಾಲ್ಕು ನಾಜಲ್ ಸರ್ವಿಸ್‌ಗೆ ಮುಗಿಯಬೇಕಿದ್ದ ಕೆಲಸ ಪಿಸ್ಟನ್ ಕಿಟ್, ಲೈನರ್, ಹೆಡ್ ಫೇಸಿಂಗ್, ಬೇರಿಂಗ್, ಟರ್ಬೊ ಅಂತ ಲಕ್ಷ ದಾಟಿತು. ಸೀಸನ್ ಬಾಡಿಗೆ ಹೋಗಿದ್ದು ಬೇರೆ. ಇನ್ಶೂರೆನ್ಸ್ ಕೇಳುವ ಹಾಗಿಲ್ಲ. ಮಾಮೂಲಿ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಸೇರುವುದಿಲ್ಲ.

ಈ ಮೇಸ್ತ್ರಿ ಕೆಲಸ ಮಾಡಿದ ರೀತಿ ನೋಡಿ, ಗ್ಯಾರೇಜ್‌ನಲ್ಲಿ ಏನು ಕೇಳಬೇಕು ಅಂತ ನನಗೆ ಗೊತ್ತಾಯಿತು. ಹೊಗೆ ಅಂದ ತಕ್ಷಣ ಸ್ಕ್ರೂಡ್ರೈವರ್ ಹಿಡಿಯುವವರ ಹತ್ತಿರ ಬಿಡಬೇಡಿ. ಮೊದಲು ಏರ್ ಫಿಲ್ಟರ್, ಟರ್ಬೊ ಹೋಸ್ ಲೀಕ್, ಡೀಸೆಲ್ ಫಿಲ್ಟರ್ ನೋಡಬೇಕು. ಟ್ಯಾಪೆಟ್ (ವಾಲ್ವ್ ಗ್ಯಾಪ್) ನೋಡಬೇಕು. ಆಮೇಲೆ ನಾಜಲ್ ಟೆಸ್ಟ್, ಕಂಪ್ರೆಷನ್ ಟೆಸ್ಟ್. ಇಂಜಿನ್ ಆನ್ ಇರುವಾಗ ಆಯಿಲ್ ಮುಚ್ಚಳ ತೆಗೆದರೆ ಭುಸ್ ಭುಸ್ ಅಂತ ಹೊಗೆ ಬರುತ್ತದಾ ನೋಡಿ, ಬಂದರೆ ರಿಂಗ್ ಸವೆದಿದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ತಕ್ಷಣ ರೇಡಿಯೇಟರ್‌ನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಇದೆಲ್ಲ ಸರಿ ಇದ್ದು, ಪಂಪ್ ಮೇಲೇ ಅನುಮಾನ ಬಂದರೆ ಪಂಪ್ ಬಿಚ್ಚಿ ಟೆಸ್ಟ್ ಬೆಂಚ್ ಇರುವ ಕಡೆ ಕಳಿಸಬೇಕು. ಪಂಪ್ ಮಾಡುವ ಮೈಕೊ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು, ನಮ್ಮ ಕಡೆ ಇನ್ನೂ ‘ಮೈಕೊ ಪಂಪ್ ಕೆಲಸ’ ಅಂತಲೇ ಕೇಳುತ್ತೇವೆ. ಅಂಥ ಕಡೆ ಪಂಪ್ ಎಷ್ಟು ಸುತ್ತು ತಿರುಗಿದರೆ ಎಷ್ಟು ಡೀಸೆಲ್ ಅಂತ ಅಳೆದು ಸೆಟ್ ಮಾಡಿ ಮತ್ತೆ ಸೀಲ್ ಹಾಕುತ್ತಾರೆ. ಗಾಡಿಯಲ್ಲೇ ಇಟ್ಟು ಹೊಗೆ ನೋಡಿಕೊಂಡು ಸ್ಕ್ರೂ ತಿರುಗಿಸುವುದು ಸೆಟ್ಟಿಂಗ್ ಅಲ್ಲ.

ಕಾನೂನಿನ ಕಡೆಯೂ ಇದು ಸುಲಭವಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಓನರ್‌ಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮಾಡಿದ ಗ್ಯಾರೇಜ್‌ನವರು ಆಗ ಜೊತೆಗೆ ಬರುವುದಿಲ್ಲ. 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು ಅಲ್ವಾ, ಬಿಎಸ್4 (ಹೊಗೆ ನಿಯಮದ ನಾಲ್ಕನೇ ಹಂತ) ಗಿಂತ ಹಳೇ ಡೀಸೆಲ್ ಗಾಡಿಗೆ ಹೊಗೆ ಟೆಸ್ಟ್‌ನಲ್ಲಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅನ್ನುವ ಅಳತೆ) ದಾಟುವ ಹಾಗಿಲ್ಲ. ಪಂಪ್ ಏರಿಸಿದ ಗಾಡಿ ಅಲ್ಲೇ ಸಿಕ್ಕಿಬೀಳುತ್ತದೆ.

ಹಳೇ ಗ್ಯಾರೇಜ್‌ಗೆ ಹೋಗಿ ಕರಗಿದ ಪಿಸ್ಟನ್ ತೋರಿಸಿದೆವು. ‘ನಾವು ಗ್ಯಾರಂಟಿ ಕೊಟ್ಟಿದ್ದು ಪಂಪಿಗೆ. ಪಂಪ್ ಚೆನ್ನಾಗೈತಲ್ಲ. ಇಂಜಿನ್ ಹಳೇದು, ನಾವೇನ್ ಮಾಡೋಣ’ ಅಂದರು. ಅವರು ಕೊಟ್ಟಿದ್ದು ಬಿಲ್ ಅಲ್ಲ, ‘ಇಂಜಿನ್ ವರ್ಕ್’ ಅಂತ ಎರಡೇ ಪದ ಬರೆದ ಚೀಟಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇವೆ. ಸ್ವಂತ ಹೊಟ್ಟೆಪಾಡಿಗೆ ತಾವೇ ಓಡಿಸುವ ಗಾಡಿ ಆದರೆ, ಬಾಡಿಗೆ ಗಾಡಿ ಅನ್ನುವ ಒಂದೇ ಕಾರಣಕ್ಕೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ. ದೂರು ಕೊಡುವುದಕ್ಕೆ 2 ವರ್ಷ ಟೈಮ್ ಇರುತ್ತದೆ. ಆದರೆ ಅಲ್ಲಿ ಮೊದಲು ಕೇಳುವುದೇ ಬಿಲ್. ಏನೇನು ಕೆಲಸ, ಯಾವ ಪಾರ್ಟ್, ಎಷ್ಟು ಕಿಲೋಮೀಟರ್ ಓಡಿತ್ತು ಅಂತ ಬರೆದ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ, ಬಿಚ್ಚಿದ ಹಳೇ ಪಾರ್ಟ್‌ಗಳನ್ನು ಅಲ್ಲೇ ಬಿಟ್ಟು ಬರಬೇಡಿ. ಗಾಡಿ ಬಿಡುವಾಗ ಪಂಪ್‌ನ ಸೀಲ್ ಕಾಣುವ ಹಾಗೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಂಡು, ಅದನ್ನು ಮೆಕ್ಯಾನಿಕ್‌ಗೂ ಕಳಿಸಿ.