ಹಳೇ ತೊಗಲಿನ ಪಟ್ಟಿ, ಅಗಲ ಒಂದೂವರಿ ಇಂಚ್ ಅಷ್ಟ
ಬೆಳಗಾವಿ ಖಡೇ ಬಜಾರ್ ಕಡೆ ಹಳೇ ಸಾಮಾನಿನ ಅಂಗಡ್ಯಾಗ 300 ರೂಪಾಯಿಗೆ ಸಿಕ್ತ್ರೀ, ದಾಡಿ ಕತ್ತಿ ಮಸಿಯೋ ಪಟ್ಟಿ. ಕತ್ತಿ ಅಲಗು 3 ಇಂಚ್ ಐತಿ, ಪಟ್ಟಿ ಅದರ ಅರ್ಧಾ, ಹಿಂಗಾಗಿ ನೆಟ್ಟಗ ಎಳದ್ರ ತುದಿ ಹಂಗ ಉಳೀತೈತಿ, ಹಿಡಿಕಿ ಕಡಿಂದ ತುದಿತನಕ ಅಡ್ಡ ಜಾರಿಸ್ಕೋಂತ ಎಳೀಬೇಕು. ಕತ್ತಿ ಬೆನ್ನ (ದಪ್ಪ ಕಡೆ) ಮುಂದ, ಬಾಯಿ (ಹರಿತ ಕಡೆ) ಹಿಂದ, ತಿರುಗಿಸೋದೂ ಬೆನ್ನಿನ ಮ್ಯಾಲೇನ. ನಾ ಮೊದಲನೇ ದಿನಾನ ಮರ್ತು ಬಾಯಿ ಮ್ಯಾಲ ತಿರುಗಿಸಿ ಪಟ್ಟಿನ ಕೊಯ್ದೆ, ಮನಿಯಾಗ ಎಲ್ಲಾರೂ ನಕ್ಕಿದ್ದ ನಕ್ಕಿದ್ದು! ಪಟ್ಟಿ ಸಡ್ಲ ಹಿಡಿದ್ರ ಹರಿತ ಹೋಗ್ತೈತಿ, ಬಿಗಿಯಾಗಿ ಜಗ್ಗಿ ಹಿಡೀರಿ, ಕತ್ತಿ ಒತ್ತಬ್ಯಾಡ್ರಿ. 50-60 ಸಲ ಎಳದ್ರ ದಾಡಿ ಬೆಣ್ಣಿ ಹಂಗ. ಆದ್ರ ಪೂರ್ತಿ ಮೊಂಡ ಆದ ಕತ್ತಿಗೆ ಇದು ನಡ್ಯಾಂಗಿಲ್ಲ, ಅದಕ್ಕ ಸಾಣಿಕಲ್ಲನ ಬೇಕು. ಅಗಲದ್ದು ಸಿಕ್ರ ಹೊಸಬ್ರು ಅದನ್ನ ತಗೋರಿ, ನನಗಂತೂ ಇದ ರೂಢಿ ಆಗೇತಿ.