ಲಿವರ್ ಸ್ಕ್ಯಾನ್ ವರದಿಯ ದೊಡ್ಡ ಅಂಕಿಯನ್ನಷ್ಟೇ ಓದಿ ಕಂಗಾಲಾಗಬೇಡಿ

ಮಂಗಳೂರಿನಲ್ಲಿ ರಿಯಾಯಿತಿ ದರದ ಲಿವರ್ ತಪಾಸಣೆ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ಅಂಥದೊಂದು ಸ್ಕ್ಯಾನ್ ಕೇಂದ್ರ ನಮ್ಮ ಭಾವನಿಗೆ ‘ಸಿರೋಸಿಸ್’, ಅಂದರೆ ಲಿವರ್ ಕಲೆಗಟ್ಟಿ ಗಡಸಾಗುವ ಕಾಯಿಲೆ, ಎಂದು ಬರೆದುಕೊಟ್ಟಿತು. ವರದಿಯಲ್ಲಿ ಲಿವರ್ ಎಷ್ಟು ಗಡಸು ಎಂದು ಹೇಳುವ 14.2 ಕಿಲೋಪಾಸ್ಕಲ್ ಎಂಬ ಅಂಕಿ, ಅದರ ಸುತ್ತ ಕೆಂಪು ಶಾಯಿಯ ವೃತ್ತ. ಜೊತೆಗೆ ಲಿವರ್ ‘ಶುದ್ಧಿ’ ಮಾಡುವ ಪುಡಿಯ ದೊಡ್ಡ ಪೊಟ್ಟಣವನ್ನೂ ಮಾರಿದರು.

ಭಾವ ಹನಿ ಮದ್ಯ ಮುಟ್ಟಿದವರಲ್ಲ. ಆದರೆ ಸುದ್ದಿ ಹಬ್ಬಿದ್ದೇ ತಡ, ನೆಂಟರೆಲ್ಲ ಅಕ್ಕನನ್ನು ಬದಿಗೆ ಕರೆದು ‘ಗುಟ್ಟಾಗಿ ಕುಡಿಯುತ್ತಿದ್ದರಾ?’ ಎಂದು ಕೇಳತೊಡಗಿದರು. ಕಾಯಿಲೆಗಿಂತ ಆ ಪ್ರಶ್ನೆಯೇ ಭಾವನನ್ನು ಹೆಚ್ಚು ಹಣ್ಣು ಮಾಡಿತು.

ಕೊನೆಗೆ ವರದಿ ಹಿಡಿದು ಮಣಿಪಾಲದ ಹೊಟ್ಟೆರೋಗ ತಜ್ಞರೊಬ್ಬರ ಬಳಿಗೆ ಹೋದೆವು. ಅವರು ಕೆಂಪು ವೃತ್ತದತ್ತ ಕಣ್ಣನ್ನೂ ಹಾಯಿಸದೆ ಕೇಳಿದ್ದು: ‘ಸ್ಕ್ಯಾನಿಗೆ ಮೊದಲು ಏನು ತಿಂದಿದ್ದಿರಿ?’ ಮಳೆಗಾಲದಲ್ಲಿ ಕಾಮಾಲೆಯಾಗಿ ಗಂಜಿ ಪಥ್ಯದಲ್ಲಿದ್ದ ಭಾವ, ಪಥ್ಯ ಮುಗಿದ ಖುಷಿಯಲ್ಲಿ ಅಂದು ಬಂಗುಡೆ ಸಾರಿನ ಊಟ ಮಾಡಿಯೇ ಹೋಗಿದ್ದರು. ಕೇಂದ್ರದಲ್ಲಿ ಯಾರೊಬ್ಬರೂ ಕೇಳಿರಲಿಲ್ಲ, ಮಾರಾಯರೇ!

ಈ ಸ್ಕ್ಯಾನ್ ಯಂತ್ರ ಪಕ್ಕೆಲುಬುಗಳ ನಡುವಿನಿಂದ ಸಣ್ಣ ತಟ್ಟು ಕೊಟ್ಟು, ಆ ಕಂಪನ ಲಿವರ್‌ನೊಳಗೆ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದನ್ನು ಅಲ್ಟ್ರಾಸೌಂಡ್ ಮೂಲಕ ಅಳೆಯುತ್ತದೆ. ಗಡಸಾದಷ್ಟೂ ವೇಗ ಹೆಚ್ಚು. ಆದರೆ ಗಡಸಿಗೆ ಕಾರಣ ಕಲೆಗಟ್ಟುವಿಕೆಯೇ ಆಗಬೇಕೆಂದಿಲ್ಲ. ಊಟವಾದ ಮೇಲೆ ಲಿವರ್‌ಗೆ ರಕ್ತದ ಹರಿವು ಹೆಚ್ಚಿದರೂ, ಕಾಮಾಲೆಯಲ್ಲಿ ಲಿವರ್ ಊದಿಕೊಂಡಿದ್ದರೂ, ಪಿತ್ತನಾಳ ಕಟ್ಟಿಕೊಂಡಿದ್ದರೂ, ಹೃದಯ ಸೋತಿದ್ದರೂ ಅಂಕಿ ಏರುತ್ತದೆ. ಅದಕ್ಕೇ ಕನಿಷ್ಠ 3 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಭಾವನ ರಕ್ತದಲ್ಲಿ, ಲಿವರ್ ಊದಿಕೊಂಡಾಗ ಏರುವ ಎಎಲ್‌ಟಿ ಎಂಬ ಕಿಣ್ವ ಇನ್ನೂ ಇಳಿದಿರಲಿಲ್ಲ. ಆ ರಕ್ತಪರೀಕ್ಷೆಯ ಚೀಟಿ ಸ್ಕ್ಯಾನ್ ಮಾಡಿದವರ ಮೇಜಿನ ಮೇಲೆಯೇ ಇತ್ತು.

ದೊಡ್ಡ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೆರಡು ಸಂಗತಿಗಳಿರುತ್ತವೆ. ಒಂದು ಸ್ಕ್ಯಾನಿನಲ್ಲಿ ಸರಿಯಾದ ಅಳತೆಗಳು ಕನಿಷ್ಠ 10 ಇರಬೇಕು. ಭಾವನ ವರದಿಯಲ್ಲಿ ಇದ್ದದ್ದು 6. ಅಳತೆಗಳ ನಡುವಿನ ಏರುಪೇರನ್ನು ಹೇಳುವ ‘ಐಕ್ಯೂಆರ್’ ಶೇ 30ರೊಳಗೆ ಇರಬೇಕು. ಇದ್ದದ್ದು ಶೇ 46. ಹೊಟ್ಟೆ ದಪ್ಪ ಇರುವವರಿಗೆ ‘ಎಕ್ಸ್‌ಎಲ್’ ಪ್ರೋಬ್ (ಪಕ್ಕೆಗೆ ಒತ್ತಿಹಿಡಿಯುವ ಉಪಕರಣದ ದೊಡ್ಡ ಮಾದರಿ) ಬಳಸಬೇಕಾಗುತ್ತದೆ, ಅದನ್ನೂ ಕೇಳಿಕೊಳ್ಳಿ. ಬೇರೆ ಕಂಪನಿಯ ಯಂತ್ರದ ಅಂಕಿಯೊಂದಿಗೆ ಹೋಲಿಸಲು ಹೋಗಬೇಡಿ, ಒಂದೊಂದರ ಮಿತಿ ಒಂದೊಂದು.

ಕಿಣ್ವ ಇಳಿದ ಮೇಲೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಅಳೆದಾಗ ಬಂದದ್ದು 5.4, ಅಂದರೆ ಸಹಜ ಮಟ್ಟ. ಸಿರೋಸಿಸ್ ಮುಂದುವರಿದರೆ ಸಾಮಾನ್ಯವಾಗಿ ಕುಸಿಯುವ ಪ್ಲೇಟ್‌ಲೆಟ್ ಸರಿ ಇತ್ತು, ಊದಿಕೊಳ್ಳುವ ಗುಲ್ಮವೂ ದೊಡ್ಡದಾಗಿರಲಿಲ್ಲ. ಹಾಗೆಂದು 14 ಬಂದವರೆಲ್ಲ ವರದಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಹಲವರಲ್ಲಿ ಅದು ನಿಜವೇ ಆಗಿರುತ್ತದೆ. ತಜ್ಞರು ನೋಡಿಯೇ ತೀರ್ಮಾನಿಸಬೇಕು.

ಕೇಂದ್ರಕ್ಕೆ ಹೋಗಿ ಜಗಳ ಮಾಡಿದೆ. ‘ವೈದ್ಯರ ಸಲಹೆ ಪಡೆಯಿರಿ ಎಂದು ಕೆಳಗೆ ಮುದ್ರಿಸಿದ್ದೇವಲ್ಲ’ ಎಂದರು. ಪುಡಿಯ ಪೊಟ್ಟಣ ಒಡೆದಿದ್ದರಿಂದ ಅದರ ಹಣವನ್ನೂ ಹಿಂದಿರುಗಿಸಲಿಲ್ಲ.